ನಾಲ್ಕು ಅಂಗೈ ನೆಲ

ಒಂದು ರೂಪಾಯಿಯ ನಾಣ್ಯಕ್ಕೆ ಈಗ ಲೋಕದಲ್ಲಿ ಉಳಿದಿರುವ ಪ್ರಯೋಜನಗಳು ಎರಡೇ ಎಂದು ನನ್ನ ನಂಬಿಕೆ. ಮುಯ್ಯಿಯ ಲಕೋಟೆಯ ಮೂಲೆಗೆ ಅಂಟಿಕೊಂಡು ದುಂಡು ಸಂಖ್ಯೆಯ ಅಮಂಗಳವನ್ನು ನಿವಾರಿಸುವುದು ಮೊದಲನೆಯದು. ಕಾರಿನ ಟೈರಿನ ಗೀರಿನೊಳಗೆ ಇಳಿದು ಆ ಟೈರಿಗೆ ಇನ್ನೆಷ್ಟು ಆಯುಷ್ಯವಿದೆಯೆಂದು ತೋರಿಸುವುದು ಎರಡನೆಯದು. ನಾಣ್ಯ ಮೂರರಲ್ಲೊಂದು ಪಾಲು ಮುಳುಗಿದರೆ ಟೈರು ಗೃಹಸ್ಥಾಶ್ರಮದಲ್ಲಿದೆ. ಅಂಚಷ್ಟೇ ಇಳಿದರೆ ವಾನಪ್ರಸ್ಥ. ಇಳಿಯದೆ ಮೇಲೆಯೇ ಜಾರಿ ಬಿದ್ದರೆ ಸಂನ್ಯಾಸ.

ಕಳೆದ ಆಷಾಢದಿಂದ ಈ ಸಂಕ್ರಾಂತಿಯವರೆಗೆ, ಚಾಮರಾಜನಗರದ ನಮ್ಮ ಮನೆಯ ಮುಂದೆ, ಪ್ರತಿ ಭಾನುವಾರ ಬೆಳಗ್ಗೆ ನಾನು ಕುಕ್ಕರುಗಾಲಿನಲ್ಲಿ ಕುಳಿತು ನಾಲ್ಕು ಚಕ್ರಗಳಿಗೂ ಈ ನಾಣ್ಯಪರೀಕ್ಷೆಯನ್ನು ಶ್ರದ್ಧೆಯಿಂದ ನಡೆಸುತ್ತ ಬಂದೆ. ಹಾಲು ತರುವ ಹೆಂಗಸು ಒಂದು ದಿನ ಕ್ಯಾನು ಕೆಳಗಿಟ್ಟು, "ಏನ್ ಸಾ, ವಾರ್ವಾರ್ವೂ ಚಕ್ರಕ್ಕೆ ಕಾಣ್ಕೆ ಒಪ್ಪುಸ್ತೀರಲ್ಲ, ಏನಾರ ಅರ್ಕೆ ಒತ್ಕಂಡಿದ್ದೀರಾ?" ಎಂದು ಕೇಳಿದಳು. ಚಕ್ರದಡಿ ನಿಂಬೆಹಣ್ಣು ಇಟ್ಟು ಜಜ್ಜುವುದರ ವಿರುದ್ಧ ಆಯುಧಪೂಜೆಯ ಹಿಂದಿನ ವಾರ ತಪ್ಪದೆ ಕರಪತ್ರ ಹಂಚುವವನಾದ ನನಗೆ ಆ ಪ್ರಶ್ನೆ ಎಷ್ಟು ಆಳಕ್ಕೆ ನಾಟಿರಬೇಕೆಂದು ನೀವೇ ಊಹಿಸಿ. ಹರಕೆಯಲ್ಲ, ವೈಜ್ಞಾನಿಕ ತಪಾಸಣೆ ಎಂದೆ. "ಏನಾರ ಆಗ್ಲಿ, ಒಳ್ಳೇದಾಗ್ಲಿ ಬುಡಿ" ಎಂದು ಹರಸಿ ಆಕೆ ಮುಂದಿನ ಮನೆಗೆ ಹೋದಳು. ನಾಣ್ಯ ವಾರವಾರವೂ ಒಂದೇ ತೀರ್ಪು ಕೊಡುತ್ತಿತ್ತು: ಟೈರು ಬೋಳಾಗಿದೆ, ಬದಲಾಯಿಸು. ನಾನು ವಾರವಾರವೂ ಅದರ ಮೇಲೆ ಮೇಲ್ಮನವಿ ಸಲ್ಲಿಸುತ್ತಿದ್ದೆ.

ಇಷ್ಟು ನಿಸ್ಸಂದಿಗ್ಧವಾದ ತೀರ್ಪಿನ ಮೇಲೆ ಆರು ತಿಂಗಳು ಕುಳಿತದ್ದೇಕೆಂದು ನೀವು ಕೇಳಬಹುದು. ಅದರ ಮೂಲ ನನ್ನ ವಿದ್ಯಾಭ್ಯಾಸದಲ್ಲಿದೆ. ಕಾಲೇಜಿನಲ್ಲಿ ನಾನು ಚರ್ಚಾಪಟು. ಉಮ್ಮತ್ತೂರಿನಿಂದ ಬಸ್ಸಿನಲ್ಲಿ ಬಂದು, ವೇದಿಕೆಯೇರಿ, 'ಯಂತ್ರನಾಗರಿಕತೆ ಮನುಕುಲಕ್ಕೆ ಶಾಪ' ಎಂಬ ವಿಷಯದ ಪರವಾಗಿ ಮಾತನಾಡಿ ಒಂದು ಬೆಳ್ಳಿಬಣ್ಣದ ಬಟ್ಟಲನ್ನು ಗೆದ್ದೆ. ಮರುವರ್ಷ ಅದೇ ವಿಷಯದ ವಿರುದ್ಧ ಮಾತನಾಡಿ ಅದರ ಜೋಡಿಯನ್ನು ಗೆದ್ದೆ. ಎರಡೂ ಇಂದಿಗೂ ನಮ್ಮ ಶೋಕೇಸಿನಲ್ಲಿ ಮುನಿಸಿಕೊಂಡ ಓರಗಿತ್ತಿಯರಂತೆ ಅಕ್ಕಪಕ್ಕ ನಿಂತಿವೆ. ಎರಡನೆಯ ಬಟ್ಟಲನ್ನು ಮನೆಗೆ ಒಯ್ದ ದಿನ, ಅವರಿವರ ಹೊಲದಲ್ಲಿ ದುಡಿದು ನನ್ನನ್ನು ಓದಿಸುತ್ತಿದ್ದ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಲ್ಲ ಕಣ್ಲಾ, ಓದ್ ವರ್ಸ ಮಿಸಿನ್ನು ಬ್ಯಾಡ ಅಂದು ಒಂದು ತಂದೆ, ಈ ವರ್ಸ ಬೇಕು ಅಂದು ಒಂದು ತಂದೆ. ಈಗ ಬೇಕೋ ಬ್ಯಾಡ್ವೋ?" ಎಂದಿದ್ದರು. ಅಪ್ಪ ತೀರಿಕೊಂಡರು, ಉತ್ತರ ಇನ್ನೂ ಬಾಕಿಯಿದೆ. ಯಾವ ವಸ್ತುವಿಗೇ ಆಗಲಿ ಎರಡು ಪಕ್ಷಗಳಿವೆಯೆಂದು ಕಲಿತವನಿಗೆ ಆಮೇಲೆ ಬದುಕಿನಲ್ಲಿ ಬದನೆಕಾಯಿ ಕೊಳ್ಳುವುದೂ ಕಷ್ಟವಾಗುತ್ತದೆ.

ಈಗ ನಾನು ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಉಳಿದ ವೇಳೆಯಲ್ಲಿ ಸಮಾಜವನ್ನು ತಿದ್ದುತ್ತೇನೆ. ಸಮಾಜವನ್ನು ತಿದ್ದುವವರು ನಾವು ಐದು ಜನ ಇದ್ದೇವೆ. ಸಭೆಗೆ ಮೂವರು ಬರುತ್ತೇವೆ. ಮನವಿಪತ್ರ ಬರೆಯುವುದು ನನ್ನ ಪಾಲಿನ ಸೇವೆ. 'ಮಾನ್ಯರೆ' ಎಂದು ಆರಂಭಿಸಿ 'ವಿನಯಪೂರ್ವಕವಾಗಿ' ಎಂದು ಮುಗಿಸುವ ಆ ಸಾಹಿತ್ಯಪ್ರಕಾರದಲ್ಲಿ ನನಗೆ ಸಮಾನರು ಈ ಜಿಲ್ಲೆಯಲ್ಲಿ ಕಡಿಮೆ. ಮೂವತ್ತು ವರ್ಷ ಹೀಗೆ ತಿದ್ದಿದ ಮೇಲೆ ಒಂದು ಬಗೆಯ ದಣಿವು ಬರುತ್ತದೆ, ನಿದ್ರೆಯಿಂದ ಹೋಗುವ ದಣಿವಲ್ಲ ಅದು. ಭಾಷಣ ಮುಗಿದು ಶಾಮಿಯಾನ ಬಿಚ್ಚುವಾಗ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದನ್ನು ಕೇಳಿದವರಿಗೆ ಅದರ ಪರಿಚಯವಿದೆ.

ಕಾರಿನ ವಿಷಯಕ್ಕೆ ಬರುತ್ತೇನೆ. ಕಾರು ನನ್ನ ಹೆಸರಿನಲ್ಲಿದೆ. ಅದನ್ನು ಓಡಿಸುವವಳು ನನ್ನ ಹೆಂಡತಿ ಸುನಂದಾ. ನನಗೆ ಲೈಸೆನ್ಸ್ ಇದೆ, ಧೈರ್ಯವಿಲ್ಲ. ತೆರಕಣಾಂಬಿ ದಾಟಿ ಗುಂಡ್ಲುಪೇಟೆಯ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಆಕೆ ಗಣಿತದ ಮೇಡಂ. ಬಹುಕಾಲ ಬಸ್ಸಿನ ಕಂಬಿ ಹಿಡಿದು ಹೋಗಿಬಂದವಳು. ಒಮ್ಮೆ ಮಹಿಳಾ ದಿನಾಚರಣೆಯಂದು ನಾನು 'ಚಲನಸ್ವಾತಂತ್ರ್ಯವೇ ಸ್ತ್ರೀಸ್ವಾತಂತ್ರ್ಯದ ಪ್ರಥಮ ಸೋಪಾನ' ಎಂದು ಮುಕ್ಕಾಲು ಗಂಟೆ ಮಾತನಾಡಿ ಮುಗಿಸಿದಾಗ, ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಸಾ, ನಿಮ್ಮನೆ ಮೇಡಮ್ನೋರು ಕಾರು ಓಡುಸ್ತಾರಾ?" ಎಂದು ಕೇಳಿಬಿಟ್ಟಳು. ಆ ರಾತ್ರಿ ಊಟ ಸೇರಲಿಲ್ಲ. ಮರುವಾರವೇ ಸುನಂದಾಳನ್ನು ಡ್ರೈವಿಂಗ್ ಸ್ಕೂಲಿಗೆ ಸೇರಿಸಿದೆ. ಆಗ ಆಕೆಗೆ ನಲವತ್ತೇಳು. "ಈ ವಯಸ್ಸಲ್ಲಿ ಅಕ್ಕಂಗೆ ಸ್ಟೇರಿಂಗ್ ಕೊಡ್ತಿದ್ದೀರಲ್ಲ ಭಾವ, ರಸ್ತೇಲಿರೋರ್ ಗತಿ ಏನು?" ಎಂದು ಅವಳ ತಮ್ಮಂದಿರು ನಕ್ಕರು. ಆಕೆ ನಗಲಿಲ್ಲ. ಮೂರು ತಿಂಗಳು ಬೆವರಿದಳು, ಎರಡು ಗೇಟುಗಳಿಗೆ ಗೀರು ಹಾಕಿದಳು, ಕಲಿತಳು. ಅದಾದ ಮೇಲೆ ಪ್ರತಿದಿನ ಬೆಳಗ್ಗೆ ಸೆರಗು ಸಿಕ್ಕಿಸಿಕೊಂಡು, ಸೀಟನ್ನು ಒಂದು ಹಿಡಿ ಮುಂದೆ ಎಳೆದುಕೊಂಡು, ಗಾಡಿಯನ್ನು ರಸ್ತೆಗೆ ಇಳಿಸುವಾಗ ಅವಳ ಮುಖದಲ್ಲಿ ಕಾಣುತ್ತಿದ್ದ ಒಂದು ಸಣ್ಣ ಬಿಗುವು, ನನ್ನ ಮೂವತ್ತು ವರ್ಷದ ಸುಧಾರಣೆಯಲ್ಲಿ ನಾನು ಕಣ್ಣಾರೆ ಕಂಡ ಒಂದೇ ಫಲವೆಂದರೆ ಉತ್ಪ್ರೇಕ್ಷೆಯಲ್ಲ.

ಆ ಫಲ ಉರುಳುತ್ತಿದ್ದುದು ಬೋಳು ಟೈರುಗಳ ಮೇಲೆ.

ನಾನು ಸುಮ್ಮನಿರಲಿಲ್ಲ, ಅದೇ ತೊಂದರೆ. ಟೈರಿನ ಆಯ್ಕೆಯನ್ನು ಒಂದು ಪ್ರಬಂಧದಂತೆ ಕೈಗೆತ್ತಿಕೊಂಡಿದ್ದೆ. ಟೈರಿನ ಪಕ್ಕೆಯ ಮೇಲೆ ಉಬ್ಬಕ್ಷರಗಳಲ್ಲಿ ಮೂಡಿರುವ ಸಂಖ್ಯೆಗಳನ್ನು, ಪಾಚಿ ಹಿಡಿದ ಶಾಸನವನ್ನು ಓದುವ ಸಂಶೋಧಕನಂತೆ, ಒದ್ದೆ ಬಟ್ಟೆಯಿಂದ ಒರೆಸಿ ಬರೆದುಕೊಂಡೆ. ಅಗಲವೆಷ್ಟು, ಎತ್ತರವೆಷ್ಟು, ಹೊರುವ ಭಾರವೆಷ್ಟು, ತಾಳುವ ವೇಗವೆಷ್ಟು, ಎಲ್ಲವೂ ಅಲ್ಲಿದೆ. ಹುಟ್ಟಿದ ವಾರ ಮತ್ತು ವರ್ಷ ಸಹ ಇದೆ! ನಮ್ಮ ತಂದೆಯ ತಲೆಮಾರಿನವರಿಗೆ ಮೇಷ್ಟ್ರು ಅಂದಾಜಿನ ಮೇಲೆ ಬರೆದುಕೊಂಡ ಜೂನ್ ಒಂದನ್ನು ಬಿಟ್ಟರೆ ಬೇರೆ ಹುಟ್ಟಿದ ದಿನವಿರಲಿಲ್ಲ. ಟೈರಿಗೆ ಮಾತ್ರ ಹುಟ್ಟಿದ ವಾರದ ಜಾತಕವಿದೆಯೆಂಬ ವಿಚಾರ ನನ್ನನ್ನು ಎರಡು ಭಾನುವಾರ ಚಿಂತನೆಗೆ ಹಚ್ಚಿತು. ಆಮೇಲೆ ಉಳಿದ ಸಮಸ್ಯೆಗಳು. ಸ್ವದೇಶಿಯೋ ವಿದೇಶಿಯೋ? ರಬ್ಬರಿನ ಹಾಲು ತೆಗೆದ ಕೈಗಳಿಗೆ ನ್ಯಾಯವಾದ ಕೂಲಿ ಸಂದಿದೆಯೋ? ಟ್ಯೂಬ್‌ಲೆಸ್ ಟೈರು ಹಾಕಿಸಿದರೆ ಬಸ್ ನಿಲ್ದಾಣದ ಬಳಿ ಪಂಕ್ಚರ್ ಹಾಕುವವನ ಅನ್ನಕ್ಕೆ ಕಲ್ಲು ಹಾಕಿದಂತಾಗುವುದಿಲ್ಲವೇ? ನಾಲ್ಕನ್ನೂ ಬದಲಾಯಿಸುವುದು ಭೋಗಪ್ರವೃತ್ತಿಯೋ, ಎರಡನ್ನಷ್ಟೇ ಬದಲಾಯಿಸುವುದು ವಿವೇಕವೋ? ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆಯೆಳೆದು ಹನ್ನೊಂದು ಕಲಮುಗಳ ಪಟ್ಟಿ ಮಾಡಿದೆ. ರಾತ್ರಿ ಪರವಾಗಿ ಗೆದ್ದ ಟೈರು ಬೆಳಗ್ಗೆ ವಿರೋಧವಾಗಿ ಸೋಲುತ್ತಿತ್ತು.

ಸುನಂದಾ ಆಷಾಢದಲ್ಲಿ ಒಮ್ಮೆ, "ರೀ, ಟೈರು ಯಾವಾಗ ಹಾಕುಸ್ತೀರಿ?" ಎಂದಳು. ವಿಚಾರ ಮಾಡುತ್ತಿದ್ದೇನೆ ಎಂದೆ. ದಸರೆಯಲ್ಲಿ, "ವಿಚಾರ ಎಲ್ಲಿಗೆ ಬಂತು?" ಎಂದಳು. ಒಂಬತ್ತನೆಯ ಕಲಮಿಗೆ ಬಂದಿದೆ ಎಂದೆ. ದೀಪಾವಳಿಯ ಹೊತ್ತಿಗೆ ಕೇಳುವುದನ್ನು ಬಿಟ್ಟಳು. ಅದನ್ನು ನಾನು ಸಮ್ಮತಿಯೆಂದು ತಿಳಿದೆ. ಚರ್ಚಾಪಟುಗಳು ಸಾಮಾನ್ಯವಾಗಿ ಹಾಗೆಯೇ ತಿಳಿಯುತ್ತಾರೆ.

ಇಲ್ಲಿ ಹುರುಳಿ ಪ್ರವೇಶಿಸಬೇಕು. ನಮ್ಮ ಸೀಮೆಯ ರಸ್ತೆಗಳಲ್ಲಿ ಸಂಕ್ರಾಂತಿಯ ಆಸುಪಾಸು ಓಡಾಡಿದವರಿಗೆ ಹೇಳಬೇಕಾಗಿಲ್ಲ. ಹೊಲದಿಂದ ಕಿತ್ತು ತಂದ ಹುರುಳಿಗಿಡವನ್ನು ಜನ ಡಾಂಬರಿನ ಮೇಲೆ ಮಾರುದ್ದಕ್ಕೂ ಹರವಿಬಿಡುತ್ತಾರೆ. ಬಸ್ಸು, ಲಾರಿ, ಕಾರುಗಳು ಅದರ ಮೇಲೆ ಹಾಯುತ್ತವೆ. ಕಾಯಿ ಸಿಡಿದು ಕಾಳು ಉದುರುತ್ತದೆ. ಹೆಂಗಸರು ಬದಿಯಲ್ಲಿ ಕಾದಿದ್ದು, ಎರಡು ವಾಹನಗಳ ನಡುವಿನ ಬಿಡುವಿನಲ್ಲಿ ನುಗ್ಗಿ, ಸೊಪ್ಪನ್ನು ಮೊಗಚಿ, ಮುಂದಿನ ಚಕ್ರಕ್ಕೆ ಅಣಿ ಮಾಡಿ ಸರಿಯುತ್ತಾರೆ. ಪರರ ಪೆಟ್ರೋಲಿನಲ್ಲಿ ನಡೆಯುವ ಈ ಒಕ್ಕಣೆಯ ವಿರುದ್ಧ ನಾನು ಎರಡು ಮನವಿಗಳನ್ನು ಬರೆದಿದ್ದೆ. 'ಸಾರ್ವಜನಿಕ ರಸ್ತೆಯು ಸಾರ್ವಜನಿಕ ಸಂಚಾರಕ್ಕೇ ಹೊರತು ಖಾಸಗಿ ಧಾನ್ಯಸಂಸ್ಕರಣೆಗಲ್ಲ' ಎಂಬ ಅದರ ಮೊದಲ ವಾಕ್ಯವನ್ನು ಬರೆದಾಗ ಆದ ತೃಪ್ತಿ ನನಗೆ ಇನ್ನೂ ನೆನಪಿದೆ.

ಸಂಕ್ರಾಂತಿ ಕಳೆದ ವಾರ, ಬೆಳಗ್ಗೆ ಅಕಾಲಿಕವಾಗಿ ಒಂದು ತುಂತುರು ಬಿತ್ತು. ಸುನಂದಾಳ ಶಾಲೆಯ ಊರಿನ ಹೊರಗೆ, ಹುಣಸೆಮರದ ತಿರುವಿನಲ್ಲಿ, ಹರವಿದ ಹುರುಳಿ ನೆನೆಯುತ್ತದೆಂದು ಪುಟ್ಟಮಾದಮ್ಮ ಎಂಬ ಮುದುಕಿ ಹಿಂದೆಮುಂದೆ ನೋಡದೆ ರಸ್ತೆಯ ನಡುವಿಗೆ ಓಡಿಬಂದು ಬಾಚತೊಡಗಿದ್ದಾಳೆ. ಸುನಂದಾ ಬ್ರೇಕು ತುಳಿದಿದ್ದಾಳೆ. ಒದ್ದೆ ಹುರುಳಿಸೊಪ್ಪಿನ ಮೇಲೆ ಬೋಳು ಟೈರು. ಬ್ರೇಕು ಹಿಡಿಯಿತು, ಚಕ್ರ ನಿಂತಿತು, ಕಾರು ನಿಲ್ಲಲಿಲ್ಲ. ಮುದುಕಿಯ ಬಿದಿರಿನ ಮಂಕರಿಯನ್ನು ಪುಡಿಮಾಡಿ, ಅರ್ಧ ಸುತ್ತು ತಿರುಗಿ, ಹುಣಸೆಯ ಬೊಡ್ಡೆಗೆ ಒಂದು ಮೊಳ ದೂರದಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿದೆ.

ಆದದ್ದು ಇದು. ಸಂಜೆ ಆಕೆ ಬಸ್ಸಿನಲ್ಲಿ ಬಂದಳು. ಕಾರನ್ನು ಯಾರೋ ಸಹೋದ್ಯೋಗಿ ತಂದು ನಿಲ್ಲಿಸಿಹೋದ. ಸುನಂದಾ ಕೀಲಿಯನ್ನು ದೇವರ ಪಟದ ಪಕ್ಕದ ಮೊಳೆಗೆ ತಗುಲಿಸಿ, "ಇನ್ನು ನನ್ನ ಕೈಲಿ ಆಗಲ್ಲ ರೀ. ಆ ಅಜ್ಜಿ ಮುಖ ಗಾಜಿನ ತುಂಬ ಬಂತು. ಬಸ್ಸೇ ವಾಸಿ" ಎಂದಳು. ಟೈರಿನ ಮಾತನ್ನೇ ಎತ್ತಲಿಲ್ಲ. ಎತ್ತಿದ್ದರೆ ನನ್ನ ಬಳಿ ಹನ್ನೊಂದು ಕಲಮುಗಳ ಉತ್ತರವಿತ್ತು. ತಮ್ಮಂದಿರಲ್ಲಿ ಒಬ್ಬ ಫೋನು ಮಾಡಿ, "ನಾವು ಅವತ್ತೇ ಹೇಳಿರ್ನಿಲ್ವಾ ಭಾವ" ಎಂದ. ಮರುದಿನದಿಂದ ಆಕೆ ಆರೂವರೆಗೇ ಎದ್ದು ಡಬ್ಬಿ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ಮುಖದ ಆ ಸಣ್ಣ ಬಿಗುವು ಮೊಳೆಯ ಮೇಲಿತ್ತು.

ಸುಧಾರಕನಾದವನು ಇಂಥ ಸಮಯದಲ್ಲಿ ಏನು ಮಾಡುತ್ತಾನೆ? ನಾನು ಮೂರನೆಯ ಮನವಿ ಬರೆದೆ. ಈ ಬಾರಿ ಸಾಕ್ಷ್ಯವಿತ್ತು. ಸ್ಥಳದ ಛಾಯಾಚಿತ್ರಗಳನ್ನೂ ಮುದುಕಿಯ ಹೆಬ್ಬೆಟ್ಟನ್ನೂ ಲಗತ್ತಿಸಿದರೆ ಪತ್ರಕ್ಕೆ ತೂಕ ಬರುತ್ತದೆಂದು, ಕಾಲೇಜಿಗೆ ಒಂದು ದಿನ ರಜೆ ಹಾಕಿ, ಮೊಳೆಯ ಮೇಲಿನ ಕೀಲಿಯನ್ನು ತೆಗೆದುಕೊಂಡು ನಾನೇ ಕಾರು ಹೊರಡಿಸಿದೆ. ಆ ಟೈರುಗಳ ಮೇಲೆ ನಾನು ಒಬ್ಬನೇ ಕುಳಿತು ಸಾಗಿದ್ದು ಅದೇ ಮೊದಲು. ತೆರಕಣಾಂಬಿಯವರೆಗೆ ಎತ್ತಿನ ಗಾಡಿಯೊಂದು ನನ್ನನ್ನು ಹಿಂದೆ ಹಾಕದಿದ್ದುದು ಆ ರಸ್ತೆಯಲ್ಲಿ ಎತ್ತಿನ ಗಾಡಿ ಇರಲಿಲ್ಲವಾದ್ದರಿಂದ ಮಾತ್ರ. ತಿರುವಿನಲ್ಲಿ ಹಿಂಬದಿ ತುಸು ಅತ್ತಿತ್ತ ಸರಿದಾಗ ಸ್ಟೇರಿಂಗನ್ನು ಎರಡೂ ಕೈಯಿಂದ ಅವುಚಿಕೊಳ್ಳುವುದು. ಎದುರಿನಿಂದ ಲಾರಿ ಬಂದಾಗ ಕಾಲು ತಾನಾಗಿ ಬ್ರೇಕಿಗೆ ಹೋಗಿ, ಬ್ರೇಕನ್ನು ನಂಬದೆ ಹಿಂದಕ್ಕೆ ಬರುವುದು. ಆರು ತಿಂಗಳು, ದಿನಕ್ಕೆ ಎರಡು ಬಾರಿ, ಆಕೆ ಇದನ್ನು ಅನುಭವಿಸಿ ಮನೆಗೆ ಬಂದು ಚಹಾ ಕಾಸಿದ್ದಳು.

ಪುಟ್ಟಮಾದಮ್ಮ ಅಲ್ಲೇ ಇದ್ದಳು, ಅದೇ ತಿರುವಿನಲ್ಲಿ, ಅದೇ ಹುರುಳಿಯ ಮುಂದೆ. ನಾನು ಯಾರೆಂದು ಹೇಳಿದೆ.

"ಅಯ್ಯೋ ಮೇಡಮ್ಮೋರ ಯಜಮಾನ್ರಾ! ಯಂಗವ್ರೆ ಬುದ್ದಿ ಅವ್ವ? ಅವತ್ತು ನನ್ ತಪ್ಕೊಂಡು ಅತ್ಬುಟ್ರಲ್ಲ! ನಾನೇ ಸಮಾದಾನ ಮಾಡ್ದಿ, ಮಂಕ್ರಿ ತಾನೆ ಓಗಿದ್ದು, ಮುದ್ಕಿ ಗಟ್ಟಿಯಾಗವ್ಳೆ ಬುಡ್ರವ್ವ ಅಂತ."

ಅತ್ತದ್ದನ್ನು ಸುನಂದಾ ನನಗೆ ಹೇಳಿರಲಿಲ್ಲ. ನಾನು ಮಾತು ಬದಲಿಸಲು, ಬುದ್ದಿ ಎಂದು ಕರೆಯಬಾರದು, ನಾವೆಲ್ಲ ಸಮಾನರು ಎಂದೆ.

"ಆಗ್ಲಿ ಬುದ್ದಿ, ಇನ್ಮ್ಯಾಕೆ ಅನ್ನಲ್ಲ" ಎಂದಳು.

ನಾನು ಮನವಿಯ ಸಾರಾಂಶವನ್ನು ಸರಳವಾಗಿ ವಿವರಿಸಿದೆ: ರಸ್ತೆಯ ಮೇಲಿನ ಒಕ್ಕಣೆ ಪ್ರಾಣಾಪಾಯಕರ, ನಿನ್ನ ಕ್ಷೇಮಕ್ಕಾಗಿಯೇ ಇದು ನಿಲ್ಲಬೇಕು. ಆಕೆ ತಲೆಯಾಡಿಸುತ್ತ ಕೇಳಿದಳು. ಆಮೇಲೆ ಬಗ್ಗಿ ನನ್ನ ಕಾರಿನ ಚಕ್ರವನ್ನು, ಕರುವಿನ ಮೈಯನ್ನು ಸವರುವಂತೆ, ಅಂಗೈಯಿಂದ ಸವರಿದಳು.

"ದಿಟ ಯೋಳ್ಬೇಕು ಅಂದ್ರೆ ಬುದ್ದಿ, ಈ ರೋಡಲ್ಲಿ ಓಗೋ ಗಾಡೀಲೆಲ್ಲ ನಿಮ್ದೇ ವಾಸಿ. ಲಾರಿ ಚಕ್ರುಕ್ಕೆ ಗರಗಸದಂಗೆ ಅಲ್ಲು ಅವೆ, ಕಾಳ ಕಚ್ಕಂಡು ಗುಂಡ್ಲುಪೇಟೆಗಂಟ ಒಯ್ದುಬುಡ್ತದೆ. ಇಲ್ದಿದ್ರೆ ನುಚ್ಚು ಮಾಡ್ಬುಡ್ತದೆ. ನಿಮ್ದು ನೋಡಿ, ನಮ್ಮ ರೋಣಗಲ್ಲು ಇದ್ದಂಗೆ ನುಣ್ಗದೆ. ಒಂದು ಕಾಳು ಒಡಿಯಾಕಿಲ್ಲ. ಮೇಡಮ್ಮೋರ ಕಾರು ಬರೋಗಂಟ ನಾವು ಸೊಪ್ಪು ಮೊಗುಚ್ದೆ ಕಾಯ್ತಿದ್ವಿ ಕಣ್ ಬುದ್ದಿ!"

ರೋಣಗಲ್ಲೆಂದರೆ ಒಕ್ಕುವ ಕಣದಲ್ಲಿ ಎತ್ತು ಕಟ್ಟಿ ಉರುಳಿಸುವ ನುಣುಪಾದ ಕಲ್ಲಿನ ಉರುಳೆ. ಆರು ತಿಂಗಳ ವಿಚಾರಮಂಥನದಿಂದ ನಾನು ಸಾಧಿಸಿದ್ದೇನೆಂದರೆ ಒಂದು ಕುಟುಂಬದ ಕಾರಿಗೆ ನಾಲ್ಕು ರೋಣಗಲ್ಲುಗಳನ್ನು ಜೋಡಿಸಿದ್ದು. ಎರಡು ಮನವಿಗಳಲ್ಲಿ ಖಂಡಿಸಿದ ಒಕ್ಕಣೆಗೆ ಅತ್ಯುತ್ತಮ ಯಂತ್ರವನ್ನು ದಿನಕ್ಕೆರಡು ಬಾರಿ ಉಚಿತವಾಗಿ ಒದಗಿಸಿದ್ದು. ಅಪ್ಪ ಇದ್ದಿದ್ದರೆ ಮೂರನೆಯ ಬಟ್ಟಲೆಲ್ಲಿ ಎಂದು ಕೇಳುತ್ತಿದ್ದರು.

ಆದರೂ ಸೋಲೊಪ್ಪಿಕೊಳ್ಳದೆ, ಕಣದಲ್ಲಿ ಒಕ್ಕಬಹುದಲ್ಲವೇ ಎಂದೆ. ಪುಟ್ಟಮಾದಮ್ಮ ನನ್ನನ್ನು ಕರುಣೆಯಿಂದ ನೋಡಿದಳು.

"ಕಣ ಎಲ್ಲದೆ ಬುದ್ದಿ? ಊರ ಕಣದ್ ಮ್ಯಾಲೆ ವಾಚ್ನಾಲಯ ಕಟ್ಟುದ್ರಲ್ಲ. ನೀವೇ ಅಲ್ವ ಬಂದು ಬಾಸ್ಣ ಮಾಡಿದ್ದು? ಒಳ್ಳೆ ಮಾತ್ ಆಡುದ್ರಿ, ಈಗ್ಲೂ ಗ್ಯಾಪ್ನ ಅದೆ."

ಜ್ಞಾಪಕ ನನಗೂ ಬಂತು. 'ಊರ ನಡುವಿನ ಈ ಬರಿದಾದ ಬಯಲು ಜ್ಞಾನದ ಬೆಳೆಗಾಗಿ ಕಾದಿದೆ' ಎಂದಿದ್ದೆ. ಅದು ಬರಿದಾಗಿತ್ತು, ನಿಜ. ನಾನು ಹೋದದ್ದು ಬೇಸಗೆಯಲ್ಲಿ. ವರ್ಷದಲ್ಲಿ ಎರಡು ತಿಂಗಳು ಮಾತ್ರ ತುಂಬುವ ಬಯಲನ್ನು ಉಳಿದ ಹತ್ತು ತಿಂಗಳಲ್ಲಿ ನೋಡಿದವನಿಗೆ ಅದು ಬರಿದೆಂದೇ ಕಾಣುತ್ತದೆ. ಉಮ್ಮತ್ತೂರಿನಲ್ಲಿ ಕಣದ ಧೂಳು ತಿಂದು ಬೆಳೆದ ನನಗೆ, ಕಾಲೇಜಿನ ಚಪ್ಪಾಳೆಗಳ ನಡುವೆ, ಕಣ ನೋಡಿದರೆ ಕಣವೆಂದು ಗುರುತಿಸುವ ಕಣ್ಣು ಎಲ್ಲೋ ಕಳೆದುಹೋಗಿತ್ತು. ವಾಚನಾಲಯದ ಸ್ಥಿತಿ ಹೇಗಿದೆ ಎಂದು ಕೇಳುವ ಧೈರ್ಯವಾಗಲಿಲ್ಲ, ಆಕೆಯೇ ಹೇಳಿದಳು, "ಜಗ್ಲೀಲಿ ಚೀಲ ಮಡ್ಗ್ತೀವಿ ಬುದ್ದಿ. ಒಳ್ಳೆ ಮಾಳ್ಗೆ, ಒಂದ್ ತೊಟ್ಟು ಸೋರಕಿಲ್ಲ. ನಿಮ್ಗೆ ಪುಣ್ಯ ಬರ್ಲಿ."

ಹೆಬ್ಬೆಟ್ಟನ್ನು ಕೇಳದೆ, ಮನವಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟು, ಅಲ್ಲಿಂದ ನೇರ ಗುಂಡ್ಲುಪೇಟೆಗೆ ಹೋದೆ. ಈರುಳ್ಳಿ, ಎಲೆಕೋಸು ತುಂಬಿ ಕೇರಳಕ್ಕೆ ಇಳಿಯುವ ಲಾರಿಗಳ ಊರು ಅದು. ಹೆದ್ದಾರಿಯ ಬದಿಗೆ ಟೈರಿನ ಅಂಗಡಿಗಳಿಗೆ ಕೊರತೆಯಿಲ್ಲ. ರಾಜನ್ ಚೇಟ್ಟನ್ ಎಂದು ಎಲ್ಲರೂ ಕರೆಯುವ, ವಯನಾಡಿನ ಕಡೆಯಿಂದ ಬಂದು ಇಲ್ಲೇ ಕೂದಲು ನೆರೆಸಿಕೊಂಡ ಒಬ್ಬರ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಬೆಂಚಿನ ಮೇಲೆ ಕುಳಿತು, ಇನ್ನೂರು ಪುಟದ ನೋಟ್‌ಬುಕ್ಕನ್ನು ಬಿಚ್ಚಿದೆ. ನಾಲ್ಕನೆಯ ಕಲಮಿನವರೆಗೆ ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಕೈಯೆತ್ತಿ, "ಸಾರ್, ಅದೆಲ್ಲ ಇರಲಿ. ವಂಡಿ ಓಡಿಸೋದು ಯಾರು? ನೀವಾ?" ಎಂದರು.

ಮಿತ್ರರೆ, ಹನ್ನೊಂದು ಕಲಮುಗಳಲ್ಲಿ ಆ ಕಲಮು ಇರಲಿಲ್ಲ.

ಅಲ್ಲ, ನನ್ನ ಹೆಂಡತಿ ಎಂದೆ. "ಹಾಗಾದ್ರೆ ಅವರು ಎಲ್ಲಿ?" ಎಂದರು. ಶಾಲೆಯಲ್ಲಿ ಎಂದೆ. ಚೇಟ್ಟನ್ ನನ್ನ ನೋಟ್‌ಬುಕ್ಕನ್ನು ಮೆಲ್ಲನೆ ಮುಚ್ಚಿ ನನ್ನ ಕೈಗೇ ಕೊಟ್ಟರು.

"ಚಪ್ಪಲಿ ತಗೊಳ್ಳೋಕೆ ಕಾಲು ಬರಬೇಕಲ್ಲ ಸಾರ್? ನೀವು ತಲೆ ತಗೊಂಡು ಬಂದಿದ್ದೀರ. ಲಾರಿ ಓನರ್ ಬಂದ್ರೂ ನಾನು ಕೇಳೋದು ಡ್ರೈವರ್ ಎಲ್ಲಿ ಅಂತಾನೇ. ಅವರು ಬರಲಿ. ಅಷ್ಟರವರೆಗೆ ಚಾಯ ಕುಡೀರಿ."

ಫೋನು ಮಾಡಿದೆ. ಟೈರು ಯಾವುದೆಂದು ನಿಶ್ಚಯಿಸಲು ನನ್ನಿಂದ ಆಗುತ್ತಿಲ್ಲ, ನೀನು ಬರಬೇಕು ಎಂದೆ. ನಮ್ಮ ದಾಂಪತ್ಯದಲ್ಲಿ ನಾನು ಒಂದು ಉಸಿರಿಗೆ ಮುಗಿಸಿದ ಕೆಲವೇ ವಾಕ್ಯಗಳಲ್ಲಿ ಅದೂ ಒಂದಿರಬೇಕು. ಶಾಲೆ ಬಿಟ್ಟ ಮೇಲೆ ಆಕೆ ಬಸ್ಸಿನಲ್ಲಿ ಬಂದಳು, ಡಬ್ಬಿಯ ಚೀಲ ಹೆಗಲಲ್ಲಿ, ಸೀಮೆಸುಣ್ಣದ ಪುಡಿ ಬೆರಳುಗಳಲ್ಲಿ.

ಚೇಟ್ಟನ್ ಆಕೆಯನ್ನು ಹಳೆಯ ಟೈರಿನ ಬಳಿ ಕೂರಿಸಿ, ಗೀರಿನ ತಳದಲ್ಲಿದ್ದ ಒಂದು ಸಣ್ಣ ಉಬ್ಬನ್ನು ತೋರಿಸಿದರು. "ಇದು ನೋಡಿ ಮೇಡಂ. ಟೈರು ಸವೆದು ಇದರ ಸಮ ಆದರೆ ಮುಗೀತು. ನಿಮ್ಮದು ಎಂದೋ ಸಮ ಆಗಿಬಿಟ್ಟಿದೆ." ಚರ್ಚಾಸ್ಪರ್ಧೆಯಲ್ಲಿ ಕಾಲಾವಧಿ ಮುಗಿಯುವ ಮುನ್ನ ಒಂದು ಎಚ್ಚರಿಕೆಯ ಗಂಟೆ ಬಾರಿಸುತ್ತಾರೆ, ಆ ಗಂಟೆಯನ್ನು ಟೈರಿನೊಳಗೇ ಇಟ್ಟು ಕಳಿಸಿದ್ದಾರೆಂದು ನನಗೆ ಯಾವ ಕಲಮೂ ತಿಳಿಸಿರಲಿಲ್ಲ. ಮತ್ತೆ ಅವರು ತಮ್ಮ ಕಪ್ಪು ಅಂಗೈಯನ್ನು ನೆಲದ ಮೇಲೆ ಒತ್ತಿದರು. "ಇಷ್ಟು ದೊಡ್ಡ ವಂಡಿ. ನೆಲಕ್ಕೆ ತಾಗೋದು ಒಂದು ಟೈರಿಗೆ ಇಷ್ಟೇ, ಒಂದು ಕೈ. ನಾಲ್ಕು ಟೈರು, ನಾಲ್ಕು ಕೈ. ಅದರ ಮೇಲೆ ಒಂದು ಕುಟುಂಬ ಕೂತಿರುತ್ತೆ, ಅಲ್ವೇ?"

ಸುನಂದಾ ಹೆಚ್ಚು ಕೇಳಲಿಲ್ಲ. ಒದ್ದೆ ರಸ್ತೆಯಲ್ಲಿ ಯಾವುದು ನಿಲ್ಲುತ್ತದೆ, ಸೊಪ್ಪಿನ ಮೇಲೆ ಯಾವುದು ಹಿಡಿಯುತ್ತದೆ ಎಂದಳು. ಅವರು ಮೂರು ತೋರಿಸಿದರು. ಆಕೆ ಮೂರರ ಗೀರಿಗೂ ಹೆಬ್ಬೆರಳು ಒತ್ತಿ, ಗಿಣ್ಣಿನಿಂದ ಪಕ್ಕೆ ತಟ್ಟಿ, ನಡುವಿನದನ್ನು ತೋರಿಸಿ, "ಇದು" ಎಂದಳು. ಎರಡು ಸಾಕೇ ಎಂದು ನಾನು ಬಾಯಿ ತೆರೆಯುವ ಮೊದಲೇ, "ನಾಲ್ಕೂ" ಎಂದಳು. ಆಕೆ ಬಂದಾಗ ತರಿಸಿದ ಚಹಾ ಇನ್ನೂ ಬಿಸಿಯಾಗಿತ್ತು.

ಟೈರು ಬದಲಾಯಿತು, ಜ್ಯಾಕು ಇಳಿಯಿತು. ನಿಜವಾದ ಪ್ರಶ್ನೆ ಆಗ ಎದುರಾಯಿತು. ಕೀಲಿ ನನ್ನ ಕೈಯಲ್ಲಿತ್ತು. ಸುನಂದಾ ಕಾರಿನ ಎಡಬಾಗಿಲ ಬಳಿ ನಿಂತಿದ್ದಳು. ನನ್ನ ನಾಲಗೆಯ ತುದಿಗೆ ಒಂದು ಸೊಗಸಾದ ಪೀಠಿಕೆ ಬಂದಿತ್ತು: ಭಯವನ್ನು ಗೆಲ್ಲುವುದರ ಬಗ್ಗೆ, ಸ್ತ್ರೀಯ ಸ್ವಾತಂತ್ರ್ಯದ ಬಗ್ಗೆ. ದಣಿದಿದ್ದೆನೋ, ನಾಚಿದ್ದೆನೋ, ನುಂಗಿಕೊಂಡೆ. "ನನಗೆ ಬರುವಾಗ ತುಂಬ ಭಯವಾಯಿತು. ನಿನಗೆ ದಿನಾ ಹೀಗೇ ಆಗುತ್ತಿತ್ತಾ?" ಎಂದು ಮಾತ್ರ ಕೇಳಿದೆ.

ಆಕೆ ಹೊಸ ಟೈರನ್ನು ಚಪ್ಪಲಿಯ ತುದಿಯಿಂದ ಒಮ್ಮೆ ಒತ್ತಿ ನೋಡಿ, ಸುತ್ತಿಬಂದು ಕೈಚಾಚಿದಳು. "ಕೊಡಿ ಇಲ್ಲಿ. ನೀವು ಓಡ್ಸಿದ್ರೆ ಊರು ತಲುಪೋಷ್ಟರಲ್ಲಿ ಇವೂ ಸವೀತಾವೆ." ಸೀಟನ್ನು ಒಂದು ಹಿಡಿ ಮುಂದೆ ಎಳೆದುಕೊಂಡಳು.

ಹುಣಸೆಯ ತಿರುವಿಗೆ ಬಂದೆವು. ಹುರುಳಿ ಇನ್ನೂ ರಸ್ತೆಯ ಮೇಲಿತ್ತು, ಬಿಸಿಲು ಇಳಿಯುತ್ತಿತ್ತು. ಸುನಂದಾ ಸೊಪ್ಪಿನ ಅಂಚಿನಲ್ಲಿ ಗಾಡಿ ನಿಲ್ಲಿಸಿದಳು. ಸ್ಟೇರಿಂಗಿನ ಮೇಲಿನ ಅವಳ ಬೆರಳುಗಳು ಬೆಳ್ಳಗಾದದ್ದನ್ನು ನೋಡಿದೆ. ಪುಟ್ಟಮಾದಮ್ಮ ಬದಿಯಿಂದ ಎದ್ದು ಬಂದು, ಚಕ್ರ ನೋಡಿ, ಸೊಂಟಕ್ಕೆ ಕೈಯಿಟ್ಟಳು.

"ಏನವ್ವಾ ಇದು, ಒಸ ಚಕ್ರ ಆಕುಸ್ಬುಟ್ಟಾ? ಮುಗೀತು ಬುಡು! ನನ್ ಕಾಳ್ನೆಲ್ಲ ಚಾಮರಾಜ್‌ನಗರಕ್ಕೆ ಒಯ್ದು ಉಪ್ಸಾರು ಮಾಡ್ಕೊ!"

ಸುನಂದಾ ನಕ್ಕಳು; ಆ ವಾರದಲ್ಲಿ ಮೊದಲ ಸಲ. "ನೀನು ಬದೀಗೆ ಓಗು ಅಜ್ಜಿ, ಆ ಮರದ ಆಚೀಗೆ. ನಾನು ನೋಡ್ಬೇಕು."

ಮುದುಕಿ ಮರದ ಆಚೆಗೆ ಸರಿದಳು. ಕಾರು ಸೊಪ್ಪಿನ ಮೇಲೆ ಹತ್ತಿತು. ಕಾಯಿ ಚಟಚಟ ಸಿಡಿದವು. ನಡುಮಧ್ಯದಲ್ಲಿ ಸುನಂದಾ ಬ್ರೇಕು ತುಳಿದಳು. ಕಾರು ನಿಂತಿತು. ಹೇಳಿದಲ್ಲಿ, ಹೇಳಿದಂತೆ, ನಿಂತಿತು. ಆಕೆ ಹಿಂದಕ್ಕೆ ತೆಗೆದು, ಇನ್ನಷ್ಟು ಬಿರುಸಾಗಿ ಬಂದು, ಮತ್ತೆ ತುಳಿದಳು; ನಿಂತಿತು. ಮೂರನೆಯ ಬಾರಿ ಹಿಂದಕ್ಕೆ ತೆಗೆಯುವಾಗ ಪುಟ್ಟಮಾದಮ್ಮ, "ಅಂಗೇ ಮಾಡವ್ವ, ಅಂಗೇ ಮಾಡು! ಇನ್ನೊಂದ್ ಎಲ್ಡ್ ದಪ ಓಗ್ಬುಟ್ರೆ ಇವತ್ತಿನ್ದು ಮುಗ್ದೇ ಓಯ್ತದೆ!" ಎಂದು ಕೂಗಿದಳು. ಮೂವತ್ತು ವರ್ಷ ಒಕ್ಕಣೆಯನ್ನೂ ಸೇರಿಸಿ ಸಕಲವನ್ನೂ ತಿದ್ದಲು ಹೊರಟವನು, ಆ ಒಕ್ಕಣೆಯೊಳಗೇ ಸೀಟುಬೆಲ್ಟು ಬಿಗಿದುಕೊಂಡು, ಹಿಂದಕ್ಕೂ ಮುಂದಕ್ಕೂ ತೂಗುತ್ತ ಕುಳಿತಿದ್ದೆ.

ಅಲ್ಲಿಂದ ಮನೆಯವರೆಗೆ ಆ ನಾಲ್ಕು ಅಂಗೈಗಳನ್ನೇ ಯೋಚಿಸುತ್ತಿದ್ದೆ. ನನ್ನ ಮಾತುಗಳ ರಥ ದೊಡ್ಡದು. ಅದು ನೆಲ ಮುಟ್ಟುವುದು ಎಷ್ಟು? ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ ದಿನ ಒಂದು ಅಂಗೈಯಷ್ಟು ಮುಟ್ಟಿತ್ತು. ಮುಟ್ಟಿದ ಆ ಒಂದು ಕಡೆಯನ್ನೇ ಸವೆಯಲು ಬಿಟ್ಟು, ಉಳಿದ ಗಾಳಿಯಲ್ಲಿ ನಾನು ಕಲಮುಗಳ ಗೆರೆಯೆಳೆಯುತ್ತಿದ್ದೆ. ನಾನು ಯೋಚಿಸುತ್ತ ಕುಳಿತ ಹೊತ್ತಿನಲ್ಲಿ ಓಡಾಡುತ್ತಿದ್ದವಳು ಬೇರೆಯವಳು. ವಿಳಂಬ ನನ್ನದು, ಜಾರಿದ್ದು ಅವಳು. ಇಷ್ಟನ್ನು ತಿಳಿಯುವುದಕ್ಕೆ ನನಗೆ ಒಂದು ರೂಪಾಯಿಯ ನಾಣ್ಯ ಸಾಕಾಗಬೇಕಿತ್ತು.

ಮರುದಿನ ಭಾನುವಾರವಲ್ಲ. ಆದರೂ ಅಭ್ಯಾಸಬಲದಿಂದ ಬೆಳಗ್ಗೆ ನಾಣ್ಯ ಹಿಡಿದು ಮುಂದಿನ ಎಡಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕುಳಿತೆ. ಗೀರಿಗೆ ಇಳಿಸಿದೆ, ಇಳಿಯಲಿಲ್ಲ. ಕನ್ನಡಕ ಏರಿಸಿ ಬಗ್ಗಿ ನೋಡಿದರೆ, ಗೀರಿನ ತಳದಲ್ಲಿ, ಅಚ್ಚುಕಟ್ಟಾಗಿ, ಒಂದು ಹುರುಳಿಕಾಳು. ಅದರ ಪಕ್ಕದಲ್ಲಿ ಇನ್ನೊಂದು. ಸುತ್ತಲೂ ಸಾಲಾಗಿ. ಸುನಂದಾಳ ಹೇರ್‌ಪಿನ್ನೊಂದನ್ನು ತಂದು, ನಾಲ್ಕು ಚಕ್ರಗಳಿಂದಲೂ ಒಂದೊಂದಾಗಿ ಎಬ್ಬಿಸಿದೆ. ಒಂದು ಹಿಡಿಗೆ ತುಸು ಕಡಿಮೆ ಬಂತು. ಕಟ್ಟಲು ಕಾಗದ ಬೇಕಾಯಿತು. ನಿನ್ನೆಯ ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಒಂದು ಹಾಳೆ ಇತ್ತು.

ಡಬ್ಬಿಯ ಚೀಲ ಹಿಡಿದು ಹೊರಬಂದ ಸುನಂದಾ ಪೊಟ್ಟಣವನ್ನು ಕಂಡು, "ಏನ್ರೀ ಅದು?" ಎಂದಳು. ಪುಟ್ಟಮಾದಮ್ಮನ ಕಾಳು, ಅವಳಿಗೆ ಕೊಟ್ಟುಬಿಡು. ಹಾಗೆಯೇ ಕಣಕ್ಕೆ ಊರಿನಲ್ಲಿ ಬೇರೆ ಯಾವ ಜಾಗ ಆದೀತೆಂದು ಕೇಳಿಕೊಂಡು ಬಾ ಎಂದೆ. ಆಕೆ ಪೊಟ್ಟಣದ ಮೇಲಿನ 'ಮಾನ್ಯರೆ' ಎಂಬುದನ್ನು ಓದಿಕೊಂಡಳು. ಅದನ್ನು ಸ್ಟೇರಿಂಗಿನ ಮುಂದಿನ ಕಟ್ಟೆಯ ಮೇಲಿಟ್ಟು, ಸೆರಗು ಸಿಕ್ಕಿಸಿ, ಗಾಡಿಯನ್ನು ರಸ್ತೆಗೆ ಇಳಿಸಿದಳು.

ಹಾಲಿನ ಹೆಂಗಸು ಎದುರಿಗೆ ಬರುತ್ತಿದ್ದಳು. ಕಾರು ತಿರುವು ದಾಟುವವರೆಗೆ ನೋಡುತ್ತ ನಿಂತಿದ್ದ ನನ್ನ ಕೈಯಲ್ಲಿ ನಾಣ್ಯ ಕಂಡು, "ಓ, ಅರ್ಕೆ ತೀರ್ತಾ ಸಾ?" ಎಂದಳು.

ತೀರಿತು ಎಂದೆ. ಈ ಬಾರಿ ಅವಳನ್ನು ತಿದ್ದಲಿಲ್ಲ.